ಮೊದಲ ಪಿಸ್ತೂಲು ಯಾವುದು? ಗಾಳಿ, .22, 9 ಎಂಎಂ, ರಿವಾಲ್ವರ್

ನಾನು ಶುರು ಮಾಡಿದ್ದು 9 ಎಂಎಂ ಪಿಸ್ತೂಲಿನಿಂದ. ಆರು ತಿಂಗಳು ವಾರ ತಪ್ಪದೆ ಗುರಿ ಹೊಡೆಯುವ ರೇಂಜ್‌ಗೆ ಹೋದೆ. ಗುಂಡುಗಳೆಲ್ಲ ಕಪ್ಪು ವೃತ್ತದ ಕೆಳಗೆ, ಸ್ವಲ್ಪ ಎಡಕ್ಕೆ ಬೀಳುತ್ತಿದ್ದವು. ಸೈಟ್ (ಗುರಿ ನೋಡೋಕೆ ಪಿಸ್ತೂಲಿನ ಮೇಲಿರುವ ಮುಂದಿನ ಕಡ್ಡಿ, ಹಿಂದಿನ ಕಿಂಡಿ) ಸರಿಯಿಲ್ಲ ಅಂದುಕೊಂಡು ತಿರುಪು ತಿರುಗಿಸಿದೆ. ತೋಟಾ ಬದಲಾಯಿಸಿ ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಹಿರಿಯ ಕೋಚ್ ಒಬ್ಬರು ತೋಟಾ ತುಂಬುವ ನನ್ನ ಮ್ಯಾಗಜೀನ್ ಇಸಿದುಕೊಂಡು, ಬೆನ್ನು ತಿರುಗಿಸಿ ನಿಂತು ತುಂಬಿ ಕೊಟ್ಟರು. ಮೊದಲೆರಡು ಗುಂಡು ಹಾರಿದವು. ಮೂರನೆಯದಕ್ಕೆ ಟಕ್ ಅಂತ ಸಣ್ಣ ಸದ್ದು ಬಂತು, ಅಷ್ಟೆ. ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಿದ್ದರು. ಗುಂಡು ಹಾರಲೇ ಇಲ್ಲ. ಆದರೂ ಪಿಸ್ತೂಲಿನ ಮೂತಿ ಎರಡು ಬೆರಳಷ್ಟು ಕೆಳಕ್ಕೆ ಕುಕ್ಕಿತ್ತು.

ಸದ್ದು ಬರುವ ಮೊದಲೇ ನನ್ನ ಕೈ ಸದ್ದಿಗೆ ಬೆಚ್ಚುತ್ತಿತ್ತು. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಆ ಒದೆತ ಬರುತ್ತದೆ ಅಂತ ಮೈಗೆ ಗೊತ್ತು. ಅದನ್ನು ತಡೆಯೋಕೆ ಮಣಿಕಟ್ಟು ತಾನಾಗಿಯೇ ಮುಂದಕ್ಕೆ ಒತ್ತುತ್ತದೆ. ನಿಜವಾದ ಗುಂಡು ಹಾರುವಾಗ ಆ ಒತ್ತು ಕಾಣೋದೇ ಇಲ್ಲ, ಏಕೆಂದರೆ ಒದೆತದಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಆ ಅಳುಕು ಬಿಡಿಸಿಕೊಳ್ಳೋಕೆ ನನಗೆ ಒಂದು ವರ್ಷ ಹಿಡಿಯಿತು. ಅದೂ ಬೇರೆ ಪಿಸ್ತೂಲು ಹಿಡಿದ ಮೇಲೆ.

ಅದಕ್ಕೇ ಹೊಸಬರು ಯಾವುದು ತಗೊಳ್ಳಲಿ ಅಂತ ಕೇಳಿದಾಗ ನಾನು ಬ್ರ್ಯಾಂಡ್ ಹೆಸರು ಹೇಳೋದಿಲ್ಲ. ಒಂದೇ ಅಳತೆಗೋಲು ಕೊಡುತ್ತೇನೆ. ನಿಮ್ಮ ತಪ್ಪನ್ನು ನಿಮಗೇ ತೋರಿಸುವ ಪಿಸ್ತೂಲು ಮೊದಲು ಬರಲಿ, ತಪ್ಪನ್ನು ಮುಚ್ಚಿಡುವ ಪಿಸ್ತೂಲು ಆಮೇಲೆ ಬರಲಿ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಮಾಡಿರೋದು ಇದೇ ಅಳತೆಯಲ್ಲಿ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ಲೈಸೆನ್ಸ್, ವಯಸ್ಸು, ಕ್ಯಾಲಿಬರ್ (ಗುಂಡಿನ ದಪ್ಪದ ಅಳತೆ), ಇಟ್ಟುಕೊಳ್ಳುವ ರೀತಿ ಎಲ್ಲಕ್ಕೂ ನೀವಿರುವ ಕಡೆಯ ಕಾನೂನು ಏನು ಅಂತ ತಿಳಿದುಕೊಂಡ ಮೇಲೆಯೇ ಆಯ್ಕೆಯ ಮಾತು. ಕೆಲವು ಕಡೆ ಕಾನೂನೇ ಅರ್ಧ ಆಯ್ಕೆ ಮಾಡಿಬಿಟ್ಟಿರುತ್ತದೆ.

ಗಾಳಿ ಪಿಸ್ತೂಲು

ಏರ್ ಪಿಸ್ತೂಲು ಅಂದ ಕೂಡಲೇ ಸುಮಾರು ಜನ ಮಕ್ಕಳ ಆಟಿಕೆ ಅಂದುಕೊಳ್ಳುತ್ತಾರೆ. ಈ ತಪ್ಪು ಕಲ್ಪನೆಯಿಂದ ಹವ್ಯಾಸದ ಅತ್ಯುತ್ತಮ ಗುರುವನ್ನೇ ಕಳೆದುಕೊಳ್ಳುತ್ತಾರೆ. 4.5 ಮಿ.ಮೀ ಪೆಲೆಟ್ ಅನ್ನುವ ಪುಟ್ಟ ಗುಂಡು, ತೂಕ ಅರ್ಧ ಗ್ರಾಂ ಆಸುಪಾಸು, ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಶಕ್ತಿ ಲೆಕ್ಕ ಹಾಕಿದರೆ ಐದಾರು ಜೂಲ್. ಒದೆತ ಇಲ್ಲವೆಂದೇ ಹೇಳಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇದನ್ನು 10 ಮೀಟರ್ ದೂರದಿಂದ, ನಿಂತುಕೊಂಡು, ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ಹತ್ತು ಅಂಕದ ಉಂಗುರದ ಅಡ್ಡಳತೆ 11.5 ಮಿ.ಮೀ. ನಿಮ್ಮ ಕಿರುಬೆರಳಿನ ಉಗುರು ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟು. 60 ಪೆಲೆಟ್‌ಗೆ 75 ನಿಮಿಷ.

ಇದು ಯಾಕೆ ಗುರು ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಏರ್ ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 32 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಸೈಟ್ ಹಿಂದಿನದರ ನಡುವಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ 31 ಮಿ.ಮೀ ಆಚೆ ಬೀಳುತ್ತದೆ. ಅದೇ ಎರಡೂ ಸೈಟ್ ಸಾಲಾಗಿದ್ದು, ಕೈ ಪೂರ್ತಿಯಾಗಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಬರೀ ಒಂದು ಮಿಲಿಮೀಟರ್ ಸರಿಯುತ್ತದೆ. ಕೈ ಎಲ್ಲರದ್ದೂ ಅಲುಗುತ್ತದೆ. ಅಲುಗಲಿ. ಸೈಟ್‌ಗಳ ಸಾಲು ಕೆಡಬಾರದು ಅಷ್ಟೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗೋದಿಲ್ಲ. ಏರ್ ಪಿಸ್ತೂಲಿನಲ್ಲಿ ಒಂದು ವಾರ ಹೊಡೆದರೆ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಪೆಲೆಟ್ ಹೋದ ಮೇಲೂ ಮುಂದಿನ ಸೈಟ್ ಎಲ್ಲಿತ್ತು ಅಂತ ನೀವು ನೋಡುತ್ತಲೇ ಇರುತ್ತೀರಿ. ಬೆಂಕಿ ಇಲ್ಲ, ಎಗರೋದಿಲ್ಲ, ಕಣ್ಣು ಮುಚ್ಚೋದಿಲ್ಲ.

ಇದರಲ್ಲೇ ಮೂರು ಬಗೆ. ಸ್ಪ್ರಿಂಗ್ ಇರುವುದು ಅಗ್ಗ, ಗಟ್ಟಿ. ಆದರೆ ಒಳಗಿನ ಪಿಸ್ಟನ್ ಓಡುವಾಗ ಕೈಯಲ್ಲಿ ಒಂದು ವಿಚಿತ್ರ ಜಗ್ಗಾಟ ಆಗುತ್ತದೆ, ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ. ಕಲಿಕೆಗೆ ಇದು ಅಷ್ಟು ಒಳ್ಳೆಯದಲ್ಲ. ಕಾರ್ಬನ್ ಡೈಆಕ್ಸೈಡ್ ಬಳಸುವುದರಲ್ಲಿ ಒದೆತ ಕಮ್ಮಿ, ಆದರೆ ಹವೆ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಮೂರನೆಯದು ಮೊದಲೇ ಒತ್ತಿ ತುಂಬಿದ ಗಾಳಿಯದು. 200 ಬಾರ್ ಒತ್ತಡದ ಪುಟ್ಟ ಸಿಲಿಂಡರ್, ಒಮ್ಮೆ ತುಂಬಿದರೆ ನೂರಕ್ಕೂ ಜಾಸ್ತಿ ಹೊಡೆತ. ಸ್ಟೇಯರ್, ಮೊರಿನಿ, ವಾಲ್ಥರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ ಇವರೆಲ್ಲ ಮಾಡುವ ಸ್ಪರ್ಧೆಯ ಪಿಸ್ತೂಲುಗಳು ಇದೇ ಬಗೆಯವು. ದುಬಾರಿ, ನಿಜ. ಆದರೆ ಹಳೆಯದು ಸಿಗುತ್ತದೆ, ಮತ್ತು ಹಳೆಯದಾದರೂ ಚೆನ್ನಾಗಿ ನೋಡಿಕೊಂಡಿದ್ದರೆ ಗುರಿ ಕೆಡೋದಿಲ್ಲ. ಕೊಳ್ಳುವಾಗ ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖು ನೋಡಿ. ಸಾಮಾನ್ಯವಾಗಿ ಹತ್ತು ವರ್ಷ ಅದರ ಆಯಸ್ಸು. ಆಮೇಲೆ ಅದನ್ನು ಬಳಸಬಾರದು, ಬದಲಾಯಿಸಬೇಕು. ಮಾರುವವರು ಈ ವಿಷಯ ತಾವಾಗಿ ಹೇಳೋದು ಕಮ್ಮಿ.

ಟ್ರಿಗರ್ ಮೆಕ್ಯಾನಿಕಲ್ ಇರಲಾ, ಎಲೆಕ್ಟ್ರಾನಿಕ್ ಇರಲಾ? ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ಕಳಚಿಕೊಳ್ಳದೆ ಎತ್ತಬೇಕು. ಎಲೆಕ್ಟ್ರಾನಿಕ್‌ನಲ್ಲಿ ಟ್ರಿಗರ್ ಕಳಚಿಕೊಳ್ಳುವ ಕ್ಷಣ ಗಾಜಿನ ಕಡ್ಡಿ ಮುರಿದ ಹಾಗೆ, ಚೂರೂ ಜಾರಾಟ ಇಲ್ಲ. ಮೆಕ್ಯಾನಿಕಲ್‌ನದು ಅದಕ್ಕೆ ತುಂಬಾ ಹತ್ತಿರ ಬರುತ್ತದೆ. ಯಂತ್ರ ಯಾವುದಾದರೂ ಕೈಕೊಡಬಹುದು. ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಸರಿ ಮಾಡಿಕೊಳ್ಳುವಷ್ಟರಲ್ಲಿ ಬಹಳ ಹೊತ್ತು ಹೋಯಿತು, ಫೈನಲ್ ತಪ್ಪಿತು. ಮೂರು ವರ್ಷದ ನಂತರ, 2024ರ ಪ್ಯಾರಿಸ್‌ನಲ್ಲಿ ಅದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅವರು ಕಂಚು ಗೆದ್ದರು. ಮೊದಲ ಪಿಸ್ತೂಲಿಗೆ ನನ್ನ ಓಟು ಮೆಕ್ಯಾನಿಕಲ್‌ಗೆ. ಬ್ಯಾಟರಿ ಚಿಂತೆ ಇಲ್ಲ, ಬಿಚ್ಚಿ ನೋಡಿದರೆ ಅರ್ಥವಾಗುತ್ತದೆ.

ಏರ್ ಪಿಸ್ತೂಲಿನ ಕೊರತೆ ಏನು? ಬೋರ್ ಆಗಬಹುದು ಅನ್ನುತ್ತಾರೆ. ಬೇಗ ಬೇಗ ಹೊಡೆಯೋ ಆಸೆ, ಓಡುತ್ತಾ ಹೊಡೆಯೋ ಆಸೆ ಇದ್ದವರಿಗೆ ಇದು ನಿಧಾನ ಅನಿಸುತ್ತದೆ. ಎರಡು ಕೈಯಲ್ಲಿ ಹಿಡಿಯೋದನ್ನು, ಒದೆತವನ್ನು ನಿಭಾಯಿಸೋದನ್ನು ಇದು ಕಲಿಸೋದಿಲ್ಲ. ಅದು ನಿಜ.

ಪಾಯಿಂಟ್ ಟೂ ಟೂ

ಏರ್ ಪಿಸ್ತೂಲು ಬೇಡ, ಬಾರೂದಿನ ವಾಸನೆಯೇ ಬೇಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳೋದು .22, ಅಂದರೆ 0.22 ಇಂಚು ದಪ್ಪದ ಗುಂಡಿನದು. ಈ ತೋಟಾ 1887ರಿಂದ ಇದೆ, ಇವತ್ತಿಗೂ ಜಗತ್ತಿನ ತುಂಬ ಹೊಡೆಯುತ್ತಾರೆ. ಗುಂಡಿನ ತೂಕ ಎರಡೂವರೆ ಗ್ರಾಂಗೆ ಸ್ವಲ್ಪ ಮೇಲೆ. ಒದೆತ ಅಂದರೆ ಯಾರೋ ಕೈಯನ್ನು ಮೆಲ್ಲಗೆ ತಟ್ಟಿದ ಹಾಗೆ. ಅಳುಕು ಹುಟ್ಟುವಷ್ಟು ಜೋರಿಲ್ಲ. ಆದರೆ ಇದು ನಿಜವಾದ ಬಂದೂಕು ಅನ್ನೋದನ್ನು ಮರೆಯುವಷ್ಟು ಮೆತ್ತಗೂ ಇಲ್ಲ. ಮುಖ್ಯವಾಗಿ ತೋಟಾ ಅಗ್ಗ. ಒಂದು ಡಬ್ಬಿ 9 ಎಂಎಂ ಖರ್ಚಿನಲ್ಲಿ .22 ಹಲವು ಪಟ್ಟು ಹೊಡೆಯಬಹುದು. ಕಲಿಕೆ ನಿಂತಿರೋದೇ ಎಷ್ಟು ಸಲ ಹೊಡೆದಿರಿ ಅನ್ನೋದರ ಮೇಲೆ, ಅಲ್ವಾ?

ರೂಗರ್ ಮಾರ್ಕ್ ಸರಣಿ, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 41, ಇವು ಹವ್ಯಾಸಿಗಳ ಕೈಯಲ್ಲಿ ಹೆಚ್ಚು ಕಾಣುವ ಹೆಸರುಗಳು. ರೂಗರ್‌ನ ಮೊದಲ ಪಿಸ್ತೂಲು ಬಂದದ್ದು 1949ರಲ್ಲಿ. ಅದರ ಹಳೆಯ ಮಾದರಿಗಳನ್ನು ಬಿಚ್ಚಿ ಮತ್ತೆ ಜೋಡಿಸೋದು ದೊಡ್ಡ ತಲೆನೋವು. 2016ರ ಮಾರ್ಕ್ ಫೋರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಹಳೆಯದು ಮತ್ತು ಹೊಸದರ ನಡುವೆ ತೂಗುತ್ತಿದ್ದರೆ ಇದೊಂದೇ ಕಾರಣಕ್ಕೆ ಹೊಸದನ್ನು ತಗೊಳ್ಳಿ. ಬಿಚ್ಚೋಕೆ ಕಷ್ಟವಾದ ಪಿಸ್ತೂಲನ್ನು ಯಾರೂ ಸರಿಯಾಗಿ ಕ್ಲೀನ್ ಮಾಡೋದಿಲ್ಲ.

.22ರ ಸ್ವಭಾವ ಒಂದಿದೆ. ಇದರಲ್ಲಿ ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನಲ್ಲಿ ಸುತ್ತಲೂ ಹರಡಿರುತ್ತದೆ. ಪಿನ್ನು ಆ ಅಂಚಿಗೆ ಬಡಿಯುತ್ತದೆ. ಎಲ್ಲೋ ಒಂದು ಕಡೆ ಮದ್ದು ತೆಳುವಾಗಿದ್ದರೆ ಹೊತ್ತಿಕೊಳ್ಳೋದಿಲ್ಲ. ದೊಡ್ಡ ತೋಟಾಗಳಿಗಿಂತ ಇದರಲ್ಲಿ ಟುಸ್ಸೆನ್ನುವುದು ಜಾಸ್ತಿ. ಹಾಗಾದಾಗ ತಕ್ಷಣ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆಯಬೇಡಿ. ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಂಡರೂ ಗುಂಡು ಹೋಗಬೇಕಾದ ಕಡೆಗೇ ಹೋಗುತ್ತದೆ. ಖಾಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡೋದಕ್ಕೂ ಇದೇ ಕಾರಣಕ್ಕೆ ಎಚ್ಚರ ಬೇಕು. ಕೆಲವು ಮಾದರಿಗಳಲ್ಲಿ ಪಿನ್ನು ನೇರವಾಗಿ, ತೋಟಾ ಕೂರುವ ಚೇಂಬರಿನ ಅಂಚಿಗೆ ಬಡಿದು ಗುಳಿ ಬೀಳಿಸುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಆಗಬಹುದು ಅಂತ ಬರೆದಿದ್ದರೆ ಮಾತ್ರ ಒತ್ತಿ. ಇಲ್ಲದಿದ್ದರೆ ಡಮ್ಮಿ ಹಾಕಿಕೊಳ್ಳಿ.

ಇನ್ನೊಂದು. ಪ್ರತಿ .22 ಪಿಸ್ತೂಲಿಗೂ ತನ್ನದೇ ಒಂದು ರುಚಿ ಇರುತ್ತದೆ. ಒಂದು ಕಂಪನಿಯ ತೋಟಾವನ್ನು ಗುಟುಕು ಗುಟುಕಾಗಿ ನುಂಗುತ್ತದೆ, ಇನ್ನೊಂದನ್ನು ಹಾಕಿದರೆ ಪ್ರತಿ ಮ್ಯಾಗಜೀನ್‌ಗೂ ಸಿಕ್ಕಿಕೊಳ್ಳುತ್ತದೆ. ಶುರುವಿನಲ್ಲಿ ನಾಲ್ಕೈದು ಬಗೆಯ ತೋಟಾ ಒಂದೊಂದು ಡಬ್ಬಿ ತಂದು ಹೊಡೆದು ನೋಡಿ. ಯಾವುದು ಸಿಕ್ಕಿಕೊಳ್ಳದೆ ಓಡುತ್ತದೋ, ಯಾವುದರ ತೂತುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೋ ಅದನ್ನೇ ಹಿಡಿದುಕೊಳ್ಳಿ. ಮತ್ತೆ ನೆನಪಿರಲಿ, ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಸಣ್ಣದು ಅಂತ ಸದರ ಬೇಡ.

9 ಎಂಎಂ

ನನ್ನ ಕಥೆ ಕೇಳಿ 9 ಎಂಎಂ ಕೆಟ್ಟದ್ದು ಅಂದುಕೊಳ್ಳಬೇಡಿ. ಇವತ್ತು ನಾನು ಅತಿ ಹೆಚ್ಚು ಖುಷಿಯಿಂದ ಹೊಡೆಯೋದು ಇದನ್ನೇ. ಗೆಯೋರ್ಗ್ ಲೂಗರ್ ರೂಪಿಸಿದ ಈ ತೋಟಾ ನೂರು ವರ್ಷ ದಾಟಿ ಬಂದಿದೆ. ಗುಂಡಿನ ತೂಕ ಏಳೂವರೆ ಗ್ರಾಂನಿಂದ ಒಂಬತ್ತೂವರೆ ಗ್ರಾಂ. ಶಕ್ತಿ .22ಕ್ಕಿಂತ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಓಡಾಡುತ್ತಾ, ಅಡ್ಡಗೋಡೆಗಳ ಹಿಂದಿಂದ, ಹಲವು ಗುರಿಗಳನ್ನು ಸಮಯದ ಲೆಕ್ಕದಲ್ಲಿ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ನಿಮ್ಮ ಆಸೆಯಾದರೆ ಕೊನೆಗೆ ನೀವು ಬರೋದು ಇಲ್ಲಿಗೇ. ಆ ಆಟದ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1976ರಲ್ಲಿ. ಅಲ್ಲಿ ನಿಖರತೆ, ಶಕ್ತಿ, ವೇಗ ಮೂರನ್ನೂ ಒಟ್ಟಿಗೆ ತೂಗುತ್ತಾರೆ.

ಇಲ್ಲಿ ದೊಡ್ಡ ಪ್ರಶ್ನೆ ತೂಕದ್ದು. ಪ್ಲಾಸ್ಟಿಕ್ ಮೈಯ ಪಿಸ್ತೂಲಾ, ಪೂರ್ತಿ ಉಕ್ಕಿನದ್ದಾ? 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17 ಪ್ಲಾಸ್ಟಿಕ್ ಮೈಯದು, 17 ಗುಂಡು ಹಿಡಿಸುತ್ತದೆ. ಖಾಲಿ ಇದ್ದಾಗ ಮುಕ್ಕಾಲು ಕಿಲೋ ಕೂಡ ತೂಗೋದಿಲ್ಲ. ಸ್ಪರ್ಧೆಗಾಗಿಯೇ ಮಾಡಿದ ಚೆಕ್ ದೇಶದ ಸಿಜೆಡ್ ಶ್ಯಾಡೋ 2 ಉಕ್ಕಿನದು, ಒಂದೂಕಾಲು ಕಿಲೋ ದಾಟುತ್ತದೆ. ಎರಡಕ್ಕೂ ಒಂದೇ ತೋಟಾ. ಆದರೆ ಹೊಡೆದು ನೋಡಿದರೆ ಎರಡು ಬೇರೆ ಲೋಕ. ಹಗುರವಾದದ್ದು ಎಗರುತ್ತದೆ, ಭಾರವಾದದ್ದು ಮೂತಿ ಸ್ವಲ್ಪ ಎತ್ತಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಹವ್ಯಾಸಕ್ಕೆ, ಅಂದರೆ ರೇಂಜ್‌ನಲ್ಲಿ ನಿಂತು ಹೊಡೆಯೋಕೆ, ಭಾರವೇ ಗೆಳೆಯ. ಕೈ ಬೇಗ ಸೋಲುತ್ತದೆ ಅಂತ ಕೆಲವರು ಹೇಳುತ್ತಾರೆ. ಒಂದೆರಡು ತಿಂಗಳಲ್ಲಿ ಕೈ ಒಗ್ಗಿಕೊಳ್ಳುತ್ತದೆ. ಅಳುಕು ಹಾಗಲ್ಲ, ಅದು ತಾನಾಗಿ ಹೋಗೋದಿಲ್ಲ.

ಜೇಬಿಗೆ ಹಿಡಿಸುವಂಥ ಪುಟ್ಟ 9 ಎಂಎಂ ಇದೆಯಲ್ಲ, ಅದು ಹೊಸಬರಿಗೆ ಬೇಡವೇ ಬೇಡ. ಅಂಗಡಿಯಲ್ಲಿ ಹಿಡಿದಾಗ ಮುದ್ದಾಗಿ ಕಾಣುತ್ತದೆ, ಸಣ್ಣ ಕೈಗೆ ಸರಿ ಅನಿಸುತ್ತದೆ. ಹೊಡೆದಾಗ ಅರ್ಧ ಕಿಲೋ ತೂಕದ ಆ ಪಿಸ್ತೂಲು ಅಂಗೈಯಲ್ಲಿ ತಿರುಚಿಕೊಳ್ಳುತ್ತದೆ. ಸೈಟ್‌ಗಳ ನಡುವೆ ಅಂತರವೂ ಕಮ್ಮಿ. ಅಂತರ ಅರ್ಧವಾದರೆ ಅದೇ ಒಂದು ಮಿಲಿಮೀಟರಿನ ತಪ್ಪು ಗುರಿಯಲ್ಲಿ ಎರಡು ಪಟ್ಟಾಗುತ್ತದೆ. ಹೆಂಗಸರಿಗೆ ಇದೇ ಸರಿ ಅಂತ ಪುಟ್ಟ ಪಿಸ್ತೂಲನ್ನೇ ಕೈಗೆ ಕೊಡುವ ಅಭ್ಯಾಸ ಎಷ್ಟೋ ಕಡೆ ಇದೆ. ಇದನ್ನು ನೋಡಿದಾಗೆಲ್ಲ ನನಗೆ ಬೇಸರವಾಗುತ್ತದೆ. ಮೊದಲ ಐದು ಗುಂಡಿಗೇ ಕೈ ನೊಂದು, ಇದು ನಮಗಲ್ಲ ಅಂತ ಅವರು ಹೊರಟುಬಿಡುತ್ತಾರೆ. ತಪ್ಪು ಅವರದ್ದಲ್ಲ, ಆಯ್ಕೆಯದು.

ರಿವಾಲ್ವರ್

ರಿವಾಲ್ವರ್ ಹಳೆಯ ಕಾಲದ್ದು ಅಂತ ಪಕ್ಕಕ್ಕಿಡುವವರು ಜಾಸ್ತಿ. ನಾನು ಹಾಗೆ ಹೇಳಲಾರೆ. ಅದರಷ್ಟು ತೆರೆದ ಪುಸ್ತಕ ಬೇರೆ ಇಲ್ಲ. ತೋಟಾ ತುಂಬುವ, ತಿರುಗುವ ಸಿಲಿಂಡರ್ ಹೊರಗೆ ತೆಗೆದರೆ ಗುಂಡು ಇದೆಯೋ ಇಲ್ಲವೋ ಎದುರಿಗೇ ಕಾಣುತ್ತದೆ. ಚೇಂಬರ್‌ನಲ್ಲಿ ಒಂದು ಉಳಿದಿತ್ತು ಅನ್ನುವ ಗೊಂದಲ ಇಲ್ಲ. ಕೋಚ್ ನನಗೆ ತೋರಿಸಿದ ಪಾಠವನ್ನು ಇದರಲ್ಲಿ ನೀವೇ ಮಾಡಿಕೊಳ್ಳಬಹುದು. ಆರರಲ್ಲಿ ಮೂರು ಮನೆ ಮಾತ್ರ ತುಂಬಿ, ಮೂತಿ ಗುರಿಯ ಕಡೆಗಿಟ್ಟು ಸಿಲಿಂಡರನ್ನು ನೋಡದೆ ತಿರುಗಿಸಿ ಮುಚ್ಚಿ, ಹೊಡೆಯಿರಿ. ಯಾವುದು ಖಾಲಿ ಅಂತ ಗೊತ್ತಿಲ್ಲ. ಖಾಲಿಗೆ ಟಕ್ ಅಂದಾಗ ಮೂತಿ ಅಲುಗಿತೋ ಇಲ್ಲವೋ ನೋಡಿ.

ಎರಡು ರೀತಿ ಹೊಡೆಯಬಹುದು. ಹಿಂಬದಿಯ ಸುತ್ತಿಗೆಯಂಥ ಹ್ಯಾಮರ್ ಹಿಂದಕ್ಕೆಳೆದು ನಿಲ್ಲಿಸಿ ಹೊಡೆದರೆ ಟ್ರಿಗರ್ ಹಗುರ, ಎರಡು ಕಿಲೋ ಒಳಗೆ. ಹಾಗೇ ಟ್ರಿಗರ್ ಎಳೆದು ಹೊಡೆದರೆ ಐದು ಕಿಲೋ ಆಸುಪಾಸು ಬಲ ಬೇಕು, ಸಿಲಿಂಡರ್ ತಿರುಗಬೇಕು, ಹ್ಯಾಮರ್ ಎದ್ದು ಬೀಳಬೇಕು. ಈ ಉದ್ದನೆಯ ಎಳೆತವನ್ನು ಸೈಟ್ ಕೆಡಿಸದೆ ಮಾಡೋಕೆ ಕಲಿತವರಿಗೆ ಬೇರೆ ಯಾವ ಟ್ರಿಗರ್ ಆದರೂ ಸುಲಭ. ನಿಧಾನ ಅನ್ನುವ ಆರೋಪಕ್ಕೆ ಉತ್ತರ ಅಮೆರಿಕದ ಶೂಟರ್ ಜೆರ್ರಿ ಮಿಕ್ಯುಲೆಕ್ ಕೊಟ್ಟಿದ್ದಾರೆ. 1999ರಲ್ಲಿ ಅವರು ರಿವಾಲ್ವರಿನಲ್ಲಿ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದದ್ದು 2.99 ಸೆಕೆಂಡಿನಲ್ಲಿ.

ಕೊಳ್ಳುವುದಾದರೆ .357 ಮ್ಯಾಗ್ನಮ್‌ನದು ಕೊಂಡು, ಅದರಲ್ಲಿ .38 ಸ್ಪೆಷಲ್ ಹೊಡೆಯಿರಿ. ಗುಂಡಿನ ದಪ್ಪ ಒಂದೇ, .38ರ ತೋಟಾ ಉದ್ದದಲ್ಲಿ ಗಿಡ್ಡ, ಒದೆತ ಎಷ್ಟೋ ಮೆತ್ತಗೆ. ಇದರ ತಿರುವು ಮುರುವು ಮಾತ್ರ ಆಗೋದಿಲ್ಲ. .38ರ ರಿವಾಲ್ವರಿಗೆ .357 ಹಾಕುವ ಯೋಚನೆಯನ್ನೂ ಮಾಡಬಾರದು. ಹಿಡಿಯುವಾಗ ಬೆರಳು ಸಿಲಿಂಡರಿನ ಮುಂಭಾಗಕ್ಕೆ ಹೋಗದಿರಲಿ. ಸಿಲಿಂಡರಿಗೂ ಬ್ಯಾರೆಲ್‌ಗೂ ನಡುವಿನ ಸಂದಿಯಿಂದ ಬಿಸಿ ಗಾಳಿ ಚಾಕುವಿನಂತೆ ಹೊರಗೆ ಚಿಮ್ಮುತ್ತದೆ.

ಇನ್ನೂ ದಪ್ಪ ಗುಂಡಿನ .45ರ ಬಗ್ಗೆ ಎರಡೇ ಮಾತು. 1911 ಅನ್ನುವ ಹೆಸರಿನ ಪಿಸ್ತೂಲಿನ ಟ್ರಿಗರ್ ನೇರವಾಗಿ ಹಿಂದಕ್ಕೆ ಸರಿಯುತ್ತದೆ, ಅದರ ಸುಖವೇ ಬೇರೆ. ಆದರೆ 15 ಗ್ರಾಂ ಗುಂಡು, ತೋಟಾ ದುಬಾರಿ. ಮೊದಲ ಪಿಸ್ತೂಲಾಗಿ ಬೇಡ.

ಕೈ ಮತ್ತು ಕಣ್ಣು

ಮಾದರಿ ಯಾವುದೇ ಇರಲಿ, ಹಿಡಿ ನಿಮ್ಮ ಕೈಗೆ ಕೂರದಿದ್ದರೆ ದುಡ್ಡು ದಂಡ. ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ, ಪಿಸ್ತೂಲನ್ನು ಗೋಡೆಯ ಕಡೆ ಎತ್ತಿ. ಕಣ್ಣು ಬಿಟ್ಟಾಗ ಸೈಟ್‌ಗಳು ಹೆಚ್ಚು ಕಡಿಮೆ ಸಾಲಾಗಿದ್ದರೆ ಹಿಡಿ ನಿಮ್ಮದು. ಪ್ರತಿ ಸಲವೂ ಮೂತಿ ಒಂದೇ ಕಡೆ ವಾಲಿದ್ದರೆ ಅಲ್ಲ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು, ಬೆರಳಿನ ಉಳಿದ ಭಾಗ ಪಿಸ್ತೂಲಿನ ಮೈಗೆ ತಾಗಬಾರದು. ತಾಗಿದರೆ ಟ್ರಿಗರ್ ಜೊತೆ ಪಿಸ್ತೂಲನ್ನೂ ತಳ್ಳುತ್ತೀರಿ. ಸ್ಪರ್ಧೆಯ ಏರ್ ಪಿಸ್ತೂಲುಗಳ ಮರದ ಹಿಡಿ ಎಡಗೈಗೆ ಬೇರೆ, ಬಲಗೈಗೆ ಬೇರೆ, ಅಳತೆಯೂ ಬೇರೆ ಬೇರೆ. ಹಳೆಯದನ್ನು ಕೊಳ್ಳುವಾಗ ಇದು ಮರೆತುಹೋಗುತ್ತದೆ. ಸ್ವಲ್ಪ ಬಿಗಿ ಇದ್ದರೆ ಉಜ್ಜುಕಾಗದ ಹಿಡಿದು ಸರಿ ಮಾಡಿಕೊಳ್ಳಬಹುದು.

ಕೈ ಅಂದಾಗ ಕಾರೊಲಿ ತಕಾಚ್ ನೆನಪಾಗುತ್ತಾರೆ. ಹಂಗೇರಿಯ ಈ ಸೈನಿಕನ ಬಲಗೈಯಲ್ಲಿ 1938ರಲ್ಲಿ ಗ್ರೆನೇಡ್ ಸಿಡಿಯಿತು. ಹೊಡೆಯುವ ಕೈಯೇ ಜಖಂ ಆಯಿತು. ಎಡಗೈಯಲ್ಲಿ ಮೊದಲಿಂದ ಕಲಿತರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಅವರದೇ. ಹೀಗಾಗಿ ಬಲಗೈಯವರ ಬಲಗಣ್ಣು ಬಲವಾಗಿಲ್ಲದಿದ್ದರೆ ಗಾಬರಿ ಬೇಡ. ಯಾವ ಕೈಯಲ್ಲಿ ಕಲಿಯಬೇಕು ಅನ್ನೋದನ್ನು ಶುರುವಿನಲ್ಲೇ ಕೋಚ್ ಜೊತೆ ಕೂತು ತೀರ್ಮಾನಿಸಿ, ಆಮೇಲೆ ಹಿಡಿ ಕೊಳ್ಳಿ.

ಸೈಟ್ ವಿಷಯ. ತೆರೆದ ಸೈಟ್ ಇರಲಾ, ಕೆಂಪು ಚುಕ್ಕೆಯ ಡಾಟ್ ಇರಲಾ? ಒಲಿಂಪಿಕ್ ಮಾದರಿಯ ಸ್ಪರ್ಧೆಯಲ್ಲಿ ಡಾಟ್‌ಗೆ ಜಾಗ ಇಲ್ಲ. ಪ್ರಾಕ್ಟಿಕಲ್ ಶೂಟಿಂಗ್‌ನ ಕೆಲವು ವಿಭಾಗಗಳಲ್ಲಿ ಇದೆ. ನಲವತ್ತೈದು ದಾಟಿದವರಿಗೆ ಮುಂದಿನ ಸೈಟ್ ಮಸುಕಾಗುವುದು ಸಹಜ. ಅಂಥವರಿಗೆ ಡಾಟ್ ದೊಡ್ಡ ಉಪಕಾರ. ಗುರಿಯನ್ನೇ ನೋಡಿದರೆ ಸಾಕು, ಚುಕ್ಕೆ ಅದರ ಮೇಲೆ ತೇಲುತ್ತದೆ. ಆದರೆ ಅಸ್ಟಿಗ್ಮಟಿಸಂ (ಕಣ್ಣಿನ ಬಾಗು ಸಮವಾಗಿಲ್ಲದ ದೋಷ) ಇರುವ ಕಣ್ಣಿಗೆ ಚುಕ್ಕೆ ದುಂಡಗೆ ಕಾಣದೆ ಬಾಲ ಬಂದ ನಕ್ಷತ್ರದ ಹಾಗೆ ಕಾಣಬಹುದು. ಕೊಳ್ಳುವ ಮೊದಲು ಒಮ್ಮೆ ಇಣುಕಿ ನೋಡಿ. ಹೊಸಬರಿಗೆ ಇನ್ನೊಂದು ತೊಡಕು. ಚುಕ್ಕೆ ಕುಣಿಯೋದು ಕಾಣುತ್ತದೆ. ಅದು ನಡುವಿಗೆ ಬಂದ ಕ್ಷಣವೇ ಹೊಡೆದುಬಿಡೋಣ ಅಂತ ಬೆರಳು ಟ್ರಿಗರನ್ನು ಥಟ್ಟನೆ ಕಿತ್ತುಬಿಡುತ್ತದೆ. ಅಲ್ಲಿಗೆ ಗುಂಡು ಕೆಟ್ಟಿತು. ಕಣ್ಣು ಚೆನ್ನಾಗಿದ್ದರೆ ಮೊದಲ ವರ್ಷ ತೆರೆದ ಸೈಟ್‌ನಲ್ಲೇ ಕಲಿಯಿರಿ.

ಬೇರೆ ಸಾಮಾನುಗಳಿಗೆ ಈಗಲೇ ದುಡ್ಡು ಸುರಿಯಬೇಡಿ. ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ತಮ್ಮ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಲ್ಲಿಟ್ಟು, ಎರಡೂ ಕಣ್ಣು ಬಿಟ್ಟು ಹೊಡೆದು ಮಿಶ್ರ ತಂಡದ ಬೆಳ್ಳಿ ಗೆದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಆದರೆ ಕಿವಿಯ ವಿಷಯದಲ್ಲಿ ಜುಗ್ಗತನ ಬೇಡ. 140 ಡೆಸಿಬೆಲ್ ದಾಟಿದ ಒಂದೇ ಒಂದು ಸದ್ದು ಕೂಡ ಕಿವಿಗೆ ಹಾನಿ ಮಾಡಬಲ್ಲದು. 9 ಎಂಎಂ ಅದನ್ನು ಸುಲಭವಾಗಿ ದಾಟುತ್ತದೆ. ಮುಚ್ಚಿದ ರೇಂಜ್‌ನಲ್ಲಿ ಒಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿಕೊಳ್ಳಿ. ಇದರಿಂದ ಅಳುಕೂ ಅರ್ಧ ಇಳಿಯುತ್ತದೆ. ಬೆಚ್ಚಿಸೋದು ಒದೆತಕ್ಕಿಂತ ಸದ್ದೇ ಜಾಸ್ತಿ.

ಒಯ್ಯುವುದು, ಇಡುವುದು

ಪೆಟ್ಟಿಗೆಯಲ್ಲಿ ಒಯ್ಯಬೇಕಾ, ಸೊಂಟದಲ್ಲಿ ಹೋಲ್ಸ್ಟರ್ (ಪಿಸ್ತೂಲು ಸಿಕ್ಕಿಸುವ ಒರೆ) ಬೇಕಾ? ಗುರಿಯ ಹವ್ಯಾಸಕ್ಕೆ ಬೀಗ ಹಾಕುವ ಗಟ್ಟಿ ಪೆಟ್ಟಿಗೆ ಸಾಕು. ಮ್ಯಾಗಜೀನ್ ಹೊರಗೆ, ಚೇಂಬರ್ ಖಾಲಿ, ಅದು ಖಾಲಿ ಅಂತ ತೋರಿಸುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಅದರಲ್ಲಿ, ತೋಟಾ ಬೇರೆ ಡಬ್ಬಿಯಲ್ಲಿ. ರೇಂಜ್‌ನಲ್ಲಿ ಪೆಟ್ಟಿಗೆ ತೆರೆಯುವಾಗ ಮೂತಿ ಗುರಿಯ ಕಡೆಗೇ ಬರುವ ಹಾಗೆ ಮೊದಲೇ ಜೋಡಿಸಿಡಿ. ಇದೊಂದು ಸಣ್ಣ ಅಭ್ಯಾಸ, ಆದರೆ ಪಕ್ಕದವರು ನಿಮ್ಮ ಬಗ್ಗೆ ನೆಮ್ಮದಿಯಿಂದ ಇರುತ್ತಾರೆ.

ಹೋಲ್ಸ್ಟರ್ ಬೇಕಾಗೋದು ಪ್ರಾಕ್ಟಿಕಲ್ ಶೂಟಿಂಗ್‌ಗೆ. ಅಲ್ಲಿಯೂ ರೇಂಜ್ ಅಧಿಕಾರಿ ಹೇಳುವವರೆಗೆ ಪಿಸ್ತೂಲು ಖಾಲಿಯೇ ಇರಬೇಕು. ಸ್ಪರ್ಧೆಯ ನಡುವೆ ಕೈಜಾರಿ ಬಿದ್ದರೆ ಆ ದಿನದ ಆಟ ಮುಗಿಯಿತು. ಗಟ್ಟಿ ಪ್ಲಾಸ್ಟಿಕ್‌ನ ಹೋಲ್ಸ್ಟರ್ ಮತ್ತು ಚರ್ಮದ್ದರ ನಡುವೆ ನಾನು ಪ್ಲಾಸ್ಟಿಕ್‌ನದನ್ನೇ ಹೇಳುತ್ತೇನೆ. ಚರ್ಮ ಹಳೆಯದಾಗಿ ಮೆತ್ತಗಾದರೆ ಬಾಯಿ ಒಳಕ್ಕೆ ಮಡಚಿಕೊಂಡು ಟ್ರಿಗರಿಗೆ ಸಿಗಬಹುದು. ಟ್ರಿಗರಿನ ಸುತ್ತಲಿನ ಬಳೆ ಪೂರ್ತಿ ಮುಚ್ಚಿರಬೇಕು. ಹೊರಗೆ ತೆಗೆಯುವಾಗಿನ ಆತುರಕ್ಕಿಂತ ಮತ್ತೆ ಒಳಗಿಡುವಾಗಿನ ಆತುರ ಕೆಟ್ಟದ್ದು. ಅಂಗಿಯ ಅಂಚು, ಜಾಕೆಟಿನ ದಾರ ಟ್ರಿಗರಿಗೆ ಸಿಕ್ಕಿಕೊಳ್ಳೋದು ಆಗಲೇ. ಬೆರಳು ಹೊರಗಿಟ್ಟು, ಕಣ್ಣಲ್ಲಿ ನೋಡಿ, ನಿಧಾನವಾಗಿ ಇಡಿ. ಬೇಗ ಇಟ್ಟವರಿಗೆ ಯಾರೂ ಅಂಕ ಕೊಡೋದಿಲ್ಲ.

ದಿನವೂ ಸೊಂಟದಲ್ಲಿ ಇಟ್ಟುಕೊಂಡು ತಿರುಗೋದು ಬೇರೆಯದೇ ವಿಷಯ. ಕಾನೂನು ಬೇರೆ, ಜವಾಬ್ದಾರಿ ಬೇರೆ, ತರಬೇತಿ ಬೇರೆ. ಆಯ್ಕೆಯ ಲೆಕ್ಕವೂ ಬೇರೆ. ಒಯ್ಯೋಕೆ ಸುಲಭವಾದದ್ದು ಹೊಡೆಯೋಕೆ ಕಷ್ಟ, ಹೊಡೆಯೋಕೆ ಸುಖವಾದದ್ದು ಒಯ್ಯೋಕೆ ಭಾರ. ಎರಡಕ್ಕೂ ಒಂದೇ ಆಗಲಿ ಅಂತ ನಡುವಿನದನ್ನು ಕೊಂಡವರು ಕೊನೆಗೆ ಎರಡೂ ಸರಿಯಾಗಿ ಮಾಡೋದಿಲ್ಲ. ಹವ್ಯಾಸಕ್ಕೆ ಹವ್ಯಾಸದ ಪಿಸ್ತೂಲೇ ಇರಲಿ.

ಮನೆಯಲ್ಲಿ ಬೀಗ ಹಾಕುವ ಉಕ್ಕಿನ ಪೆಟ್ಟಿಗೆ, ಅದು ಗೋಡೆಗೋ ನೆಲಕ್ಕೋ ಬೋಲ್ಟ್ ಆಗಿರಬೇಕು, ತೋಟಾ ಬೇರೆ ಕಡೆ. ಪಿಸ್ತೂಲು ಕೊಳ್ಳುವ ಮೊದಲೇ ಪೆಟ್ಟಿಗೆ ಬಂದಿರಲಿ. ಮಕ್ಕಳಿಗೆ ಸಿಗದ ಜಾಗ ಅಂತ ಬೀರುವಿನ ಮೇಲಿಡೋದನ್ನು ನಾನು ಒಪ್ಪೋದಿಲ್ಲ. ಮಕ್ಕಳಿಗೆ ಸಿಗದ ಜಾಗ ಮನೆಯಲ್ಲಿ ಇಲ್ಲ. ಹೊಡೆದು ಬಂದ ಮೇಲೆ ಸೀಸದ ಪುಡಿ ಕೈಗೆ ಅಂಟಿರುತ್ತದೆ. ತಣ್ಣೀರು, ಸೋಪಿನಲ್ಲಿ ಕೈ ಮುಖ ತೊಳೆದೇ ಊಟಕ್ಕೆ ಕೂರಿ.

ಕೊನೆಗೆ ಯಾವುದು?

ನಿಖರತೆಯೇ ಖುಷಿ ಕೊಡುವವರು, ಸದ್ದು ಇಷ್ಟವಿಲ್ಲದವರು, ಜಾಗ ಕಮ್ಮಿ ಇರುವವರು ಏರ್ ಪಿಸ್ತೂಲು. ಮುಂದೆ ಯಾವ ಕಡೆ ಹೋಗುತ್ತೀರಿ ಅಂತ ಇನ್ನೂ ಗೊತ್ತಿಲ್ಲದವರು .22. ಪ್ರಾಕ್ಟಿಕಲ್ ಶೂಟಿಂಗ್ ಮೇಲೇ ಮನಸ್ಸಿದ್ದವರು ಕೂಡ ಆಗೋದಾದರೆ ಮೊದಲ ಕೆಲವು ತಿಂಗಳು ಕ್ಲಬ್ಬಿನ .22 ಹೊಡೆದು, ಆಮೇಲೆ ಭಾರದ 9 ಎಂಎಂ. ಒಂದೇ ಒಂದು ಬಾರೂದಿನ ಆಯುಧ ಸಾಕು, ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇನೆ ಅನ್ನುವವರು .357 ರಿವಾಲ್ವರ್. ಯಾವುದನ್ನಾದರೂ ಕೊಳ್ಳುವ ಮೊದಲು ಬೇರೆಯವರದ್ದೋ ಕ್ಲಬ್ಬಿನದ್ದೋ ಹಿಡಿದು ಕನಿಷ್ಠ ಐವತ್ತು ಗುಂಡು ಹೊಡೆಯಿರಿ. ಮೊದಲ ಹತ್ತರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕೈ ಸೋತ ಮೇಲಿನ ಹತ್ತು ನಿಜ ಹೇಳುತ್ತವೆ.

ಎರಡನೇ ಪಿಸ್ತೂಲು ಯಾವಾಗ ಅಂತ ಕೇಳಿದರೆ ನನ್ನ ಬಳಿ ಒಂದು ಪರೀಕ್ಷೆ ಇದೆ. ತೋಟಾ ಇಲ್ಲದ ಕೋಣೆಯಲ್ಲಿ, ಖಾಲಿ ಇದೆ ಅಂತ ಮತ್ತೆ ಮತ್ತೆ ನೋಡಿಕೊಂಡು, ಮೂತಿ ಗಟ್ಟಿ ಗೋಡೆಯ ಕಡೆ ಹಿಡಿಯಿರಿ. ಮುಂದಿನ ಸೈಟ್‌ನ ಹಿಂದೆ, ಬ್ಯಾರೆಲ್ ಅಥವಾ ಸ್ಲೈಡ್ ಮೇಲೆ ಯಾರಾದರೂ ಒಂದು ನಾಣ್ಯ ಇಡಲಿ. ಟ್ರಿಗರ್ ಒತ್ತಿ. ಮೊದಮೊದಲು ನಾಣ್ಯ ಟಣ್ ಅಂತ ಬೀಳುತ್ತಲೇ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಮಾಡಿ. ಇಪ್ಪತ್ತಕ್ಕೆ ಇಪ್ಪತ್ತು ಸಲ ನಾಣ್ಯ ಅಲ್ಲಾಡದೆ ಕೂತ ದಿನ ಅಂಗಡಿಗೆ ಹೋಗಿ. ನನಗೆ ಆ ದಿನ ಬಂದಾಗ ನಾನು ಕೊಂಡದ್ದು .22. ಆ 9 ಎಂಎಂ ಮತ್ತೆ ಪೆಟ್ಟಿಗೆಯಿಂದ ಹೊರಬಂದದ್ದು ಮುಂದಿನ ವರ್ಷ. ಅದೇ ಪಿಸ್ತೂಲು, ಅದೇ ತೋಟಾ, ಗುಂಡುಗಳು ಕಪ್ಪು ವೃತ್ತದ ಒಳಗೆ ಬಿದ್ದವು.